ಐವತ್ತು ಜನರ ಬಾಡಿನ ಸಾರು

ಐದು ಜನರಿಗೆ ಮಾಡುವ ಸಾರನ್ನು ಹತ್ತರಿಂದ ಗುಣಿಸಿದರೆ ಐವತ್ತು ಜನರ ಸಾರಾಗುತ್ತದೆ ಎಂದುಕೊಂಡವರು ಮೊದಲ ಸಲ ನೀರಿನಲ್ಲಿ ಕೆಡುತ್ತಾರೆ, ಎರಡನೆಯ ಸಲ ಖಾರದಲ್ಲಿ. ನಾನು ಎರಡರಲ್ಲೂ ಕೆಟ್ಟವಳು. ಮೊಮ್ಮಗನ ಮುಡಿ ಕೊಟ್ಟ ದಿನ ನಾನು ಮಾಡಿದ ಸಾರು ಎಲೆಯ ಮೇಲೆ ನಿಲ್ಲಲಾರದೆ ಪಕ್ಕದವರ ಪಾಯಸ ಹುಡುಕಿಕೊಂಡು ಹೊರಟಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಮನೆಯ ಪಾತ್ರೆಯ ಲೆಕ್ಕದಲ್ಲಿ ಇಂಗುವುದಿಲ್ಲ. ಮಾಂಸವೂ ತನ್ನ ನೀರನ್ನು ಬಿಡುತ್ತದೆ.

ನಮ್ಮ ಮಂಡ್ಯ, ಮೈಸೂರು ಕಡೆ ಮುದ್ದೆಯ ಜೊತೆಗೆ ಹೊಟ್ಟೆ ತುಂಬ ಬಡಿಸುವುದಾದರೆ ಐವತ್ತು ಜನರಿಗೆ ಮೂಳೆ ಸಮೇತ 10 ಕೆ.ಜಿ. ಮಾಂಸ ಬೇಕು. ಬರೀ ತೊಡೆಯ ಮಾಂಸ ತರಬೇಡಿ. ಎದೆ, ಕತ್ತು, ಮುಂಗಾಲು ಸೇರಿದರೇ ಸಾರಿಗೆ ಜಿಡ್ಡು, ರುಚಿ. ಮಾರ್ಗಶಿರ, ಪುಷ್ಯದಲ್ಲಾದರೆ ಸುಲಿದ ಹಸಿ ಅವರೆಕಾಳು 2 ಕೆ.ಜಿ., ಆಲೂಗಡ್ಡೆ 2 ಕೆ.ಜಿ. ಯುಗಾದಿಯ ಮರುದಿನದ ಹೊಸತೊಡಕಿಗೆ ಸೊಗಡಿನ ಅವರೆ ಎಲ್ಲಿಂದ ಬರಬೇಕು? ಆಗ ಒಣಕಾಳನ್ನು ರಾತ್ರಿಯೇ ನೆನೆಹಾಕಿ, ಬೇರೆಯಾಗಿ ಬೇಯಿಸಿಟ್ಟುಕೊಳ್ಳಿ. ಹಿತಕಿದ ಬೇಳೆಯ ಆಸೆಯಿದ್ದರೆ ಹಿಂದಿನ ಸಂಜೆಯೇ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಳ್ಳಿ. ಒಬ್ಬರ ಹೆಬ್ಬೆರಳಿನಿಂದ ಆಗುವ ಕೆಲಸವಲ್ಲ ಅದು. ಆಲೂಗಡ್ಡೆ ಹಾಕಿದರೆ ಮಾಂಸ ಕಡಿಮೆಯಾಯಿತೆಂದು ಮೂಗು ಮುರಿಯುವವರು ಎಲ್ಲ ನೆಂಟರಲ್ಲೂ ಇರುತ್ತಾರೆ. ಅವರೇ ಮೊದಲು ಆಲೂಗಡ್ಡೆ ಹುಡುಕುವುದು.

ಎಣ್ಣೆಯಲ್ಲಿ 2 ಕೆ.ಜಿ. ಈರುಳ್ಳಿ ಬಾಡಿಸಿ, ಶುಂಠಿ ಬೆಳ್ಳುಳ್ಳಿ ಅರೆದದ್ದನ್ನು ಹಸಿವಾಸನೆ ಹೋಗುವವರೆಗೆ ಹುರಿದು, ಅರಿಶಿನದ ಜೊತೆ ಮಾಂಸ ಹಾಕಿ. ಇಲ್ಲಿ ಅವಸರ ಬೇಡ. ಮೊದಲು ತುಂಡುಗಳು ಬೆಳ್ಳಗಾಗುತ್ತವೆ, ಆಮೇಲೆ ಪಾತ್ರೆಯ ತುಂಬ ನೀರೂರುತ್ತದೆ, ಕುದಿಯುವ ಸದ್ದು ಗಳಗಳ ಎನ್ನುತ್ತದೆ. ಆ ನೀರು ಬತ್ತಿ ಸದ್ದು ಚರಚರ ಎಂದು ಬದಲಾಗಿ ಅಂಚಿನಲ್ಲಿ ಎಣ್ಣೆ ಕಾಣಿಸಿದಾಗ ಖಾರದ ಪುಡಿ, ಧನಿಯಾ ಪುಡಿ ಹಾಕಬೇಕು. ಮನೆಯ ಲೆಕ್ಕಕ್ಕೆ ಹತ್ತು ಚಮಚ ಬಂದರೆ ಖಾರ ಏಳಕ್ಕೇ ನಿಲ್ಲಿಸಿ. ಸಾಲದಿದ್ದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯಲಾಗದು. ಉಪ್ಪೂ ಹಾಗೆಯೇ, ಈಗ ಅರ್ಧ, ಇಳಿಸುವ ಮುಂಚೆ ಉಳಿದದ್ದು.

ಪಕ್ಕದ ಒಲೆಯಲ್ಲಿ ನೀರು ಕುದಿಯುತ್ತಲೇ ಇರಲಿ. ಮಾಂಸದ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಸುರಿದು ಮುಚ್ಚಿ. ತಣ್ಣೀರು ಸುರಿದರೆ ಅಷ್ಟು ದೊಡ್ಡ ಪಾತ್ರೆ ಮತ್ತೆ ಕುದಿಗೆ ಬರುವಷ್ಟರಲ್ಲಿ ಸೌದೆಯೂ ಹೊತ್ತೂ ದಂಡ. ಎಳೆಯ ಮರಿಯಾದರೆ ಮುಕ್ಕಾಲು ಗಂಟೆ, ಬಲಿತದ್ದಾದರೆ ಒಂದೂವರೆ ಗಂಟೆಯೂ ಆದೀತು. ಗಡಿಯಾರ ನಂಬಬೇಡಿ, ಎದೆಯ ಭಾಗದ ಒಂದು ತುಂಡು ತೆಗೆದು ಹಿಸುಕಿ ನೋಡಿ. ಮುಕ್ಕಾಲು ಬೆಂದಾಗ ಹಸಿ ಅವರೆಕಾಳು, ಹತ್ತು ನಿಮಿಷ ಬಿಟ್ಟು ಎರಡೇ ಹೋಳು ಮಾಡಿದ ಆಲೂಗಡ್ಡೆ. ಚಿಕ್ಕದಾಗಿ ಹೆಚ್ಚಿದರೆ ಬಡಿಸುವ ಹೊತ್ತಿಗೆ ಕರಗಿ ಹೋಗಿರುತ್ತದೆ. ಒಣಕಾಳು, ಹಿತಕಿದ ಬೇಳೆ ಇನ್ನೂ ತಡವಾಗಿ, ಮಸಾಲೆಯ ಜೊತೆಗೆ.

ಐದು ತೆಂಗಿನಕಾಯಿಯ ತುರಿ, ಹುರಿಗಡಲೆ, ಗಸಗಸೆ, ಚಕ್ಕೆ ಲವಂಗ, ಕೊತ್ತಂಬರಿ ಸೊಪ್ಪು ಅರೆದ ಮಸಾಲೆ ಕೊನೆಯಲ್ಲೇ ಬೀಳಬೇಕು. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಸೌದೆ ಅರ್ಧ ಹೊರಗೆಳೆದು, ಉದ್ದ ಹಿಡಿಯ ಮರದ ಹುಟ್ಟಿನಿಂದ ತಳ ಮುಟ್ಟಿಸಿ ಆಡಿಸುತ್ತಿರಿ. ಹಾಗೂ ಸೀದ ವಾಸನೆ ಬಂದರೆ ಕೆರೆಯಬೇಡಿ, ಮೇಲಿನದನ್ನು ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ, ತಳದ್ದನ್ನು ಅಲ್ಲೇ ಬಿಡಿ. ಹದಿನೈದು ನಿಮಿಷ ಕುದ್ದು ಜಿಡ್ಡು ತೇಲಿದ ಮೇಲೆ ಇಳಿಸಿ, ಅರ್ಧ ಗಂಟೆ ಯಾರನ್ನೂ ಮುಚ್ಚಳ ತೆಗೆಯಲು ಬಿಡಬೇಡಿ. ಮುದ್ದೆ ಕಟ್ಟಲು ಅದೇ ಸಮಯ.

ಉಳಿದ ಸಾರನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟರೆ ಒಳಗಿನ ಕಾವು ಗಂಟೆಗಟ್ಟಲೆ ಆರುವುದಿಲ್ಲ. ತೆಂಗಿನಕಾಯಿ ಬಿದ್ದ ಸಾರು, ಬೆಳಗಾಗುವಷ್ಟರಲ್ಲಿ ಹಳಸಿರುತ್ತದೆ. ಊಟ ಮುಗಿಯುತ್ತಲೇ ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಚೆನ್ನಾಗಿ ಕುದಿಸಿದರೆ ಬೆಳಗಿನ ಇಡ್ಲಿಗೆ ಅದೇ ಸಾಕು. ನೆಂಟರು ಎದ್ದು ಹೊರಡುವ ಮುಂಚೆ ಒಂದು ಬಟ್ಟಲು ಮಾತ್ರ ಒಳಗೆ ಎತ್ತಿಟ್ಟುಕೊಳ್ಳಿ.