ಮಕ್ಕಳ ಕಾಲೇಜಿನ ಊರಿನಲ್ಲಿ ಒಂದೂವರೆ ದಿನ: ದಾವಣಗೆರೆಯನ್ನು ತಿನ್ನುತ್ತ ನೋಡುವುದು ಹೇಗೆ?

ಮಗನನ್ನೋ ಮಗಳನ್ನೋ ದಾವಣಗೆರೆಯ ಕಾಲೇಜಿಗೆ ಸೇರಿಸಿದ ಎಷ್ಟೋ ತಂದೆ-ತಾಯಂದಿರು ಈ ಊರನ್ನು ನೋಡಿಯೇ ಇರುವುದಿಲ್ಲ. ಹಾಸ್ಟೆಲ್ ಗೇಟಿನವರೆಗೆ ಬಂದು, ಚಕ್ಕುಲಿ ಡಬ್ಬಿ ಕೊಟ್ಟು, ಸಂಜೆಯ ರೈಲು ಹತ್ತುತ್ತಾರೆ. ನಾನೂ ಎರಡು ಸಲ ಹಾಗೆಯೇ ಮರಳಿದೆ. ಮೂರನೆಯ ಸಲ ಮಗಳು ಬಿಡಲಿಲ್ಲ. "ಅಪ್ಪಾ, ಒಂದು ರಾತ್ರಿ ಉಳಿದುಕೊಳ್ಳಿ, ಊರು ನಾನು ತೋರಿಸುತ್ತೇನೆ" ಎಂದಳು. ಅವಳು ತೋರಿಸಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಮೊದಲು ಊಟ-ತಿಂಡಿಯ ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು, ನೋಡುವ ಜಾಗಗಳು ಅದರ ನಡುವೆ ತಾವಾಗಿಯೇ ಕೂರುತ್ತವೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರು ಸೇರಿ. ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ಕೊಠಡಿ ಹಿಡಿದರೆ ಓಡಾಟ ಸುಲಭ. ಪ್ರವೇಶಾತಿ, ಪರೀಕ್ಷೆಗಳ ಕಾಲವಾದರೆ ಮುಂಚಿತವಾಗಿ ಕಾಯ್ದಿರಿಸಿ.

ಮೊದಲ ಊಟ ಖಾನಾವಳಿಯಲ್ಲಿರಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು. ಹಾಸ್ಟೆಲ್ ಮೆಸ್ಸಿನಲ್ಲಿ ವಾರವಿಡೀ ಉಂಡ ಮಗುವಿನ ಮುಖವನ್ನು ಎರಡನೆಯ ರೊಟ್ಟಿಯ ಹೊತ್ತಿಗೆ ಗಮನಿಸಿ. ಅವರು ಫೋನಿನಲ್ಲಿ ಹೇಳದ ಸಂಗತಿಗಳು ಹೊರಬರುವುದು ಆಗಲೇ. ಆದ್ದರಿಂದ ಈ ಊಟಕ್ಕೆ ಅವಸರ ಮಾಡಬೇಡಿ.

ಬಿಸಿಲಿಳಿದ ಮೇಲೆ ಕುಂದುವಾಡ ಕೆರೆಯ ಕಡೆ ಹೋಗಿ. ಏರಿಯ ಮೇಲೆ ಒಂದು ಸುತ್ತು ನಡೆದು, ಗಾಜಿನ ಮನೆ ನೋಡಿಕೊಂಡು ಬಂದರೆ ಹೊಟ್ಟೆ ಸಂಜೆಯ ತಿಂಡಿಗೆ ಸಿದ್ಧವಾಗಿರುತ್ತದೆ. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ ಬಂದವು. ಈಗ ಸಂಜೆಯ ರಸ್ತೆಗಳು ವಿದ್ಯಾರ್ಥಿಗಳವು. ರಾಂ ಅಂಡ್ ಕೋ ವೃತ್ತದ ಸುತ್ತ ನಿಂತರೆ ಅದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಕೇಳಬೇಕಾದದ್ದು ಮಂಡಕ್ಕಿ ಮತ್ತು ಮೆಣಸಿನಕಾಯಿ. ಮೆಣಸಿನಕಾಯಿ ಎಂದರೆ ಈ ಊರಿನಲ್ಲಿ ಬಜ್ಜಿ ಎಂದೇ ಅರ್ಥ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಮಂಡಕ್ಕಿ ಭಟ್ಟಿಗಳು ಊರಿನಲ್ಲಿಯೇ ಇರುವುದರಿಂದ ಮಂಡಕ್ಕಿ ಹೊಸದಾಗಿ, ಗರಿಯಾಗಿ ಸಿಗುತ್ತದೆ. ನರ್ಗಿಸ್ ಮಂಡಕ್ಕಿಯನ್ನೂ ಒಗ್ಗರಣೆ ಮಂಡಕ್ಕಿಯನ್ನೂ ಒಂದೊಂದು ತಟ್ಟೆ ತೆಗೆದುಕೊಂಡು ಹಂಚಿಕೊಳ್ಳಿ. ರಾತ್ರಿ ಊಟ ಬೇಕೆನಿಸುವುದಿಲ್ಲ, ಬೇಡವೂ ಬೇಡ. ಬೆಳಿಗ್ಗೆಗೆ ಹಸಿವು ಉಳಿದಿರಬೇಕು.

ಭಾನುವಾರ ಬೇಗ ಎದ್ದು, ಸೌದೆ ಒಲೆಯಲ್ಲಿ ಬೆಣ್ಣೆ ದೋಸೆ ಮಾಡುವ ಹೋಟೆಲಿಗೆ ಹೋಗಿ. ಹೊಗೆ ಹಿಡಿದ ಗೋಡೆ, ನಾಲ್ಕೇ ಮೇಜು, ಬಾಗಿಲಲ್ಲಿ ಕಾಯುವ ಜನ ಕಂಡರೆ ಧೈರ್ಯವಾಗಿ ನಿಲ್ಲಿ. ಸಾಧ್ಯವಾದರೆ ಒಲೆ ಕಾಣುವ ಜಾಗದಲ್ಲಿ ಕುಳಿತುಕೊಳ್ಳಿ. ಹಂಚಿಗೆ ನೀರು ಚಿಮುಕಿಸಿ, ಪೊರಕೆಯಿಂದ ಸವರಿ, ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಹಿಟ್ಟು ಹುಯ್ಯುತ್ತಾರೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ರುಬ್ಬಿದ ಹಿಟ್ಟು ಅದು. ಮೇಲೆ ತೂತುಗಳು ಏಳುತ್ತಿದ್ದಂತೆ ಬೆಣ್ಣೆ ಬೀಳುತ್ತದೆ, ಕರಗಿ ಒಂದೊಂದೇ ತೂತಿಗೆ ಇಳಿಯುತ್ತದೆ. ಅಂಚು ಕೆಂಪಗೆ ಗರಿಗರಿ, ನಡುವೆ ಹತ್ತಿಯಂತೆ ಮೆದು. ಜೊತೆಗೆ ಆಲೂಗೆಡ್ಡೆ ಪಲ್ಯ, ಬಿಳಿಯ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಈ ದೋಸೆಗೆ ಅದು ಸೇರುವುದಿಲ್ಲ. ಮೊದಲು ಒಂದು ಬೆಣ್ಣೆ ದೋಸೆ, ಆಮೇಲೆ ಒಂದು ಖಾಲಿ ದೋಸೆ ಹೇಳಿ. ಎರಡನ್ನೂ ಒಟ್ಟಿಗೆ ತರಿಸಿದರೆ ಒಂದು ಆರಿಹೋಗುತ್ತದೆ.

ಅಲ್ಲಿಂದ ನೇರವಾಗಿ ಹರಿಹರದ ಬಸ್ ಹಿಡಿಯಿರಿ. ಸುಮಾರು 14 ಕಿಲೋಮೀಟರ್ ದಾರಿ. ಹೊತ್ತೇರಿದರೆ ಹಾಸುಗಲ್ಲು ಕಾದು ಬರಿಗಾಲಿಡಲಾಗುವುದಿಲ್ಲ, ಒಂಬತ್ತರೊಳಗೆ ತಲುಪಿದರೆ ಒಳ್ಳೆಯದು. ಹೊಯ್ಸಳ ದೊರೆ ಇಮ್ಮಡಿ ವೀರ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇದು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ದರ್ಶನ ಮುಗಿದ ಕೂಡಲೇ ಹೊರಡಬೇಡಿ. ಮಂಟಪದ ಕಂಬಗಳ ಬಳಿ ಕೂತು, ಕಡೆದು ನಯ ಮಾಡಿದ ಕಲ್ಲಿನ ಉಂಗುರಗಳ ಮೇಲೆ ಒಮ್ಮೆ ಬೆರಳಾಡಿಸಿ. ಎಂಟುನೂರು ವರ್ಷ ಕಳೆದರೂ ಅಂಚು ಎಲ್ಲಿಯೂ ಕೈಗೆ ತಡೆಯುವುದಿಲ್ಲ. ಎಂಜಿನಿಯರಿಂಗ್ ಓದುವ ನನ್ನ ಮಗಳು ಅಲ್ಲಿ ಬಹಳ ಹೊತ್ತು ಮಾತೇ ಆಡಲಿಲ್ಲ.

ಆಮೇಲೆ ತುಂಗಭದ್ರೆಯ ದಂಡೆಗೆ ನಡೆಯಿರಿ. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳ ಹೊಳೆಗೆ ಸೇರುವುದು ಈ ಊರಿನಲ್ಲಿಯೇ. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ.

ಸ್ವಂತ ವಾಹನವಿದ್ದರೆ ಹರಿಹರದ ಬದಲು ಚನ್ನಗಿರಿಯ ಕಡೆಗೂ ತಿರುಗಬಹುದು. ಸಂತೇಬೆನ್ನೂರಿನ ಪುಷ್ಕರಣಿ, ಅದರ ನಡುವಿನ ವಸಂತ ಮಂಟಪ ಮತ್ತು ಸೂಳೆಕೆರೆ ಒಂದೇ ದಿನಕ್ಕೆ ಆಗುತ್ತವೆ. ಚಿತ್ರದುರ್ಗದ ಕೋಟೆಯನ್ನು ಮಾತ್ರ ಈ ಪ್ರವಾಸಕ್ಕೆ ತುರುಕಬೇಡಿ. ಏಳು ಸುತ್ತಿನ ಆ ಕೋಟೆಗೆ ಬೇರೆಯದೇ ಒಂದು ಇಡೀ ದಿನ ಬೇಕು.

ಸಂಜೆ ರೈಲಿಗೆ ಹೊರಡುವ ಮುನ್ನ ಮಗುವನ್ನು ಹಾಸ್ಟೆಲಿಗೆ ಬಿಟ್ಟು, ಮಂಡಕ್ಕಿ ಕಟ್ಟಿಸಿಕೊಳ್ಳಿ. ದೋಸೆ ಕಟ್ಟಿಸಬೇಡಿ, ಆರಿದ ಬೆಣ್ಣೆ ಹೆಪ್ಪುಗಟ್ಟಿ ರುಚಿ ಕೆಡುತ್ತದೆ. ಮಂಡಕ್ಕಿಯ ಚೀಲವನ್ನು ಎಲ್ಲ ಸಾಮಾನಿನ ಮೇಲಿಟ್ಟು, ಮನೆ ಮುಟ್ಟಿದ ತಕ್ಷಣ ಮುಚ್ಚಳ ಬಿಗಿಯಾದ ಡಬ್ಬಿಗೆ ಸುರಿಯಿರಿ.