ಕಾರಿನ ಇಂಜಿನ್ ಬದಲಿಸಿದ್ರಾ? ಆರ್‌ಟಿಒ, ಇನ್ಶೂರೆನ್ಸ್ ಕೆಲಸ ಬಾಕಿ ಇದೆ

ಇಂಜಿನ್ ಕೂರಿಸಿ ಗಾಡಿ ಸ್ಟಾರ್ಟ್ ಆದ್ರೆ ಮುಗೀತು ಅಂದ್ಕೋಬೇಡಿ. ಆರ್‌ಸಿಯಲ್ಲಿ ಇನ್ನೂ ಹಳೇ ಇಂಜಿನ್ ನಂಬರ್ ಇದೆ ಅಲ್ವಾ?

ಮೊದಲು ಬಿಲ್. ಗುಜರಿಯಿಂದ ತಂದಿದ್ದರೂ ಇಂಜಿನ್ ನಂಬರ್ ಬರೆದ ಬಿಲ್, ಅದು ಯಾವ ಗಾಡಿಯದೋ ಅದರ ಆರ್‌ಸಿ ನಕಲು ಕೇಳಿ. ಕೊಡಲ್ಲ ಅಂದ್ರೆ ಆ ಇಂಜಿನ್ ಬೇಡ, ಎಷ್ಟೇ ಅಗ್ಗ ಇರಲಿ. ಕದ್ದ ಗಾಡಿಯದಾದ್ರೆ ಪೊಲೀಸ್ ಠಾಣೆಗೆ ಅಲೆಯೋದು ನೀವೇ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದು ಇಂಜಿನ್ ಬದಲಿಸಿದ ಮೇಲೂ 14 ದಿನದೊಳಗೆ ಅವರಿಗೆ ತಿಳಿಸಬೇಕು. ಹಾಗಾಗಿ ಕೂರಿಸೋಕೆ ಮುಂಚೆಯೇ ಕೇಳಿ, ಅದರಲ್ಲೂ ಪೆಟ್ರೋಲ್ ತೆಗೆದು ಡೀಸೆಲ್ ಹಾಕ್ತೀರಾದ್ರೆ. ಕೆಎ-06 ಗಾಡಿಯಾದ್ರೆ ತುಮಕೂರು ಆರ್‌ಟಿಒಗೆ ಹೋಗಿ. ಸಾಲ ಇದ್ದರೆ ಬ್ಯಾಂಕಿನ ಪತ್ರವೂ ಜೊತೆಗಿರಲಿ.

ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ನೋಡ್ತಾರೆ. ಹಿಂದಿನ ದಿನವೇ ಬಟ್ಟೆಗೆ ಒಂಚೂರು ಡೀಸೆಲ್ ಹಾಕಿ ಆ ಜಾಗದ ಜಿಡ್ಡು ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡಿರಿ. ಉಕ್ಕಿನ ಬ್ರಷ್ ಹಾಕಿ ತಿಕ್ಕಬೇಡಿ, ಅಕ್ಷರ ಸವೆದರೆ ತಿದ್ದಿದ ಹಾಗೆ ಕಾಣುತ್ತೆ.

ಹೊಸ ಆರ್‌ಸಿ ಬಂದ ಮೇಲೆ ಅದರ ನಕಲು ಕೊಟ್ಟು ಪಾಲಿಸಿಯಲ್ಲೂ ನಂಬರ್ ತಿದ್ದಿಸಿ, ತಿದ್ದಿದ್ದಕ್ಕೆ ಇನ್ಶೂರೆನ್ಸ್ ಕಂಪನಿ ಕೊಡೋ ಎಂಡಾರ್ಸ್‌ಮೆಂಟ್ ಕಾಗದ ಕೈಗೆ ಬರೋವರೆಗೂ ಬಿಡಬೇಡಿ. ಏಜೆಂಟ್‌ಗೆ ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅಪಘಾತ ಆದಾಗ ಸರ್ವೇಯರ್ ನೋಡೋದು ನಂಬರನ್ನೇ, ತಾಳೆ ಆಗದಿದ್ರೆ ಕ್ಲೇಮ್‌ಗೆ ತಕರಾರು ಗ್ಯಾರಂಟಿ. ಹೊಗೆ ತಪಾಸಣೆಯನ್ನೂ ಹೊಸದಾಗಿ ಮಾಡಿಸಿ, ಹತ್ತು ನಿಮಿಷದ ಕೆಲಸ.