ಯಾವ ಸಿವ್ ಸ್ಟ್ರಾಂಗ್? ಮೊದಲು ಶುರು ಹೇಗೆ ಅಂತ ಹೇಳಿ

ಬಸವನಗುಡಿಯ ಗೆಳೆಯನ ಮನೆಯಲ್ಲಿ ಏಜ್ ಆಫ್ ಎಂಪೈರ್ಸ್ 2 ಅನ್ನುವ ಕಂಪ್ಯೂಟರ್ ಗೇಮ್ ಆಡಲು ಸೇರಿದಾಗೆಲ್ಲ ಒಂದೇ ಜಗಳ: ಯಾವ ಸಿವ್ (ನಾವು ಆರಿಸಿ ಆಡುವ ಜನಾಂಗ, ಸಿವಿಲೈಸೇಶನ್) ಸ್ಟ್ರಾಂಗ್? ನನಗೆ ಈ ಪ್ರಶ್ನೆಯೇ ಅರ್ಧ ಅನಿಸುತ್ತದೆ. ಶುರುವಿನಲ್ಲಿ ಕೈಯಲ್ಲಿ ಏನಿರುತ್ತದೆ ಅಂತ ಹೇಳಬೇಕಲ್ವಾ?

ಚೈನೀಸ್ ಸಿವ್ ನೋಡಿ. ಮಾಮೂಲಿ ಆಟದಲ್ಲಿ ಹೆಚ್ಚಿನ ಸಿವ್‌ಗಳಿಗೆ 3 ವಿಲೇಜರ್ (ಕೆಲಸಗಾರರು), 200 ಫುಡ್, 200 ವುಡ್. ಚೈನೀಸ್‌ಗೆ 6 ವಿಲೇಜರ್, 150 ವುಡ್, ಫುಡ್ ಸೊನ್ನೆ. ಮನೆ ತುಂಬ ನೆಂಟರು, ಅಕ್ಕಿ ಡಬ್ಬ ಖಾಲಿ! ಒಬ್ಬ ವಿಲೇಜರ್‌ಗೆ 50 ಫುಡ್, ಮೂವರಿಗೆ 150. ಬಿಟ್ಟುಕೊಟ್ಟಿದ್ದು 200 ಫುಡ್, ಮೇಲೆ 50 ವುಡ್. ಕಾಗದದ ಮೇಲೆ ನಷ್ಟವೇ. ಆದರೆ ಒಬ್ಬ ವಿಲೇಜರ್ ಹೊರಬರಲು 25 ಸೆಕೆಂಡ್ ಬೇಕು. ಮೂವರೆಂದರೆ 75 ಸೆಕೆಂಡ್. ಅವರು ಹೊರಬರುವ ಕಟ್ಟಡ, ಟೌನ್ ಸೆಂಟರ್, ಇರುವುದು ಒಂದೇ, ಹಾಗಾಗಿ ಆ ಹೊತ್ತನ್ನು ಎಷ್ಟು ಫುಡ್ ಕೊಟ್ಟರೂ ಕೊಳ್ಳಲು ಆಗುವುದಿಲ್ಲ.

ಇದು ಸಿವ್‌ನ ಬಲವೋ, ಶುರುವಿನ ಬಲವೋ ನೋಡೋಣ ಅಂತ ಸಿನಾರಿಯೋ ಎಡಿಟರ್‌ನಲ್ಲಿ ಒಂದು ಮ್ಯಾಪ್ ಮಾಡಿದೆ. ಇಬ್ಬರಿಗೂ ಕುರಿ, ಮರ ಒಂದೇ ದೂರದಲ್ಲಿ, ಅದೃಷ್ಟದ ಮಾತೇ ಬೇಡ. ಎಡಿಟರ್‌ನಲ್ಲಿ ವಿಲೇಜರ್ ಎಷ್ಟು, ಫುಡ್ ಎಷ್ಟು ಅಂತ ನಾವೇ ಇಡಬಹುದು. ಬ್ರಿಟನ್ಸ್‌ಗೆ 6 ವಿಲೇಜರ್, ಸೊನ್ನೆ ಫುಡ್ ಕೊಟ್ಟೆ. ಚೈನೀಸ್‌ಗೆ 3 ಮತ್ತು 200. ಆಟದ ಮುಂದಿನ ಹಂತವಾದ ಫ್ಯೂಡಲ್ ಏಜ್‌ಗೆ ಬೇಕಾದ 500 ಫುಡ್ ಯಾರ ಕೈಗೆ ಮೊದಲು ಬರುತ್ತದೆ ಅನ್ನುವುದಷ್ಟೇ ಪಂದ್ಯ. ಆಮೇಲೆ ಕುರ್ಚಿ ಬದಲಾಯಿಸಿ ಮತ್ತೆ ಆಡುವುದು.

ಗೆದ್ದದ್ದು ಸಿವ್ ಅಲ್ಲ, ಆರು ಜನರ ಶುರು. ಅದೂ ಕೈ ಚುರುಕಾಗಿದ್ದವರಿಗೆ ಮಾತ್ರ. ಫುಡ್ ಇಲ್ಲದ ಆ ಮೊದಲ ಗಳಿಗೆಯಲ್ಲಿ ಟೌನ್ ಸೆಂಟರ್ ಸುಮ್ನೆ ಕೂರಬಾರದು. ಅಲ್ಲೇ ಮಾಡಿಸುವ ಲೂಮ್ ಅನ್ನುವ ಸುಧಾರಣೆಗೆ ಬೇಕಾಗುವುದು 50 ಗೋಲ್ಡ್, ಫುಡ್ ಅಲ್ಲ. ಹಾಗಾಗಿ ಲೂಮ್ ಒತ್ತಿ, ಅಷ್ಟರಲ್ಲಿ ವಿಲೇಜರ್‌ಗಳನ್ನು ಕುರಿಗೆ ಹಚ್ಚಬೇಕು. ಹೊಸಬರು ಇಲ್ಲೇ ಹಿಂದೆ ಬೀಳುತ್ತಾರೆ. ಅವರಿಗೆ 3 ವಿಲೇಜರ್, 200 ಫುಡ್ ಶುರುವೇ ವಾಸಿ.

ಡೆತ್ ಮ್ಯಾಚ್ ಅನ್ನುವ ಆಟದ ಬಗೆಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಶುರುವಿನಲ್ಲೇ 20,000 ಫುಡ್, 20,000 ವುಡ್. ಮೂವರು ಜಾಸ್ತಿ ವಿಲೇಜರ್ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಹನ್ಸ್ ಸಿವ್‌ನವರು ಮಜಾ ಮಾಡುತ್ತಾರೆ, ಅವರಿಗೆ ಜನ ಹೆಚ್ಚಿಸಲು ಮನೆ ಕಟ್ಟುವ ಕೆಲಸವೇ ಇಲ್ಲ. ಒಂದು ಟೌನ್ ಸೆಂಟರ್ ಇಟ್ಟುಕೊಂಡು 200 ಜನರ ಮಿತಿ ಮುಟ್ಟಲು ಬೇರೆ ಹೆಚ್ಚಿನ ಸಿವ್‌ನವರು 39 ಮನೆ ಕಟ್ಟಬೇಕು. ಹನ್ಸ್‌ಗೆ ಶುರುವಿನಲ್ಲಿ 100 ವುಡ್ ಕಡಿತ ಇದೆ ನಿಜ, ಆದರೆ 20,000ದಲ್ಲಿ ಅದೇನು ಮಹಾ!

ಈಗ ನಮ್ಮಲ್ಲಿ ಮೊದಲು ಮ್ಯಾಪ್, ಶುರುವಿನ ಸೆಟ್ಟಿಂಗ್ ತೀರ್ಮಾನ ಆಗುತ್ತದೆ, ಆಮೇಲೆ ಸಿವ್. ಜಗಳ ಮಾತ್ರ ಕಡಿಮೆ ಆಗಿಲ್ಲ.